ಬೆನ್ನಿನ ಕೂದಲು

ಹೋತಕ್ಕೆ ಸೀಟ್ ಬೆಲ್ಟ್ ಹಾಕುವುದು ಹೇಗೆಂದು ರೋಮೆಡ್‌ಗೆ ತಿಳಿಯಲಿಲ್ಲ. ಕುತ್ತಿಗೆಗೆ ಸುತ್ತಿದರೆ ನೇಣು ಹಾಕಿದ ಹಾಗೆ ಕಾಣುತ್ತಿತ್ತು. ಕೆಳಗೆ ಅದನ್ನು ಕೂರಿಸಿದ ಹಲಗೆಗೆ ಸುತ್ತಿದರೆ ಮೊದಲ ತಿರುವಿನಲ್ಲೇ ಮುಗ್ಗರಿಸುವುದು ಖಂಡಿತ. ಹಿಂದಿನ ಸೀಟಿನಲ್ಲಿ ಅದು ನೆಟ್ಟಗೆ ಮುಂದಕ್ಕೆ ನೋಡುತ್ತ, ಎಲ್ಲಿಗೆ ಹೊರಟಿದ್ದೇವೆಂದು ತನಗೂ ಗೊತ್ತು ಎಂಬಂತೆ ಕೂತಿತ್ತು. ತಲೆ, ಕುತ್ತಿಗೆ, ಭುಜದವರೆಗಿನ ಭಾಗ ಅಷ್ಟೆ. ಉಳಿದದ್ದನ್ನು ಕಳೆದ ಚಳಿಗಾಲದಲ್ಲೇ ಹೊಗೆಯಲ್ಲಿ ಒಣಗಿಸಿ, ನೆಂಟರಿಷ್ಟರ ಜೊತೆ ಕೂತು ತಿಂದು ಮುಗಿಸಿದ್ದಾಗಿತ್ತು. ಮೇಲಿನ ಬಂಡೆಸಾಲಿನಲ್ಲಿ ಹೆಂಡತಿ ವೇವಿ ಹೊಡೆದ ಗಾಮ್ಸ್ ಅದು, ಬೆಟ್ಟದ ಕಾಡುಮೇಕೆಯ ಜಾತಿ, ವಯಸ್ಸಾದ ಒಂಟಿ ಹೋತ. ಮೂವತ್ತು ವರ್ಷ ಗಂಡನ ಹಿಂದೆ ಬುತ್ತಿಚೀಲ ಹೊತ್ತು ಬೆಟ್ಟ ಹತ್ತಿದವಳು, ಮಕ್ಕಳೆಲ್ಲ ತಂತಮ್ಮ ಸಂಸಾರ ಕಟ್ಟಿಕೊಂಡ ಮೇಲೆ ಓದಿ, ಬೇಟೆಯ ಪರೀಕ್ಷೆ ಪಾಸು ಮಾಡಿ, ಹೊಡೆದ ಮೊದಲನೆಯದು. ಈಗ ಅವಳು ಸ್ಟೀರಿಂಗ್ ಹಿಂದೆ ಕೂತು ಎಂಜಿನ್ ಚಾಲೂ ಮಾಡಿಯೇ ಇಟ್ಟಿದ್ದಳು. ವಾರವೆಲ್ಲ ಶಾಲೆಯ ಬಸ್ಸು ಓಡಿಸುವವಳಿಗೆ ಕಾಯುವುದೆಂದರೆ ಆಗದು.

"ಏನು, ಮದುಮಗಳಿಗೆ ಮುಸುಕು ಹೊದಿಸ್ತಿದ್ದೀಯಾ? ಹತ್ತು ಬೇಗ. ಮಧ್ಯಾಹ್ನ ಆದ್ರೆ ಆ ಮನುಷ್ಯ ಅಂಗಡಿ ಮುಚ್ಚಿ ಮಲಗಿಬಿಡ್ತಾನೆ."

ಮಲಗಿಬಿಟ್ಟರೆ ಎಷ್ಟು ಚೆನ್ನ, ಎಂದುಕೊಂಡ ರೋಮೆಡ್. ಆ ಮನುಷ್ಯನೆಂದರೆ ಪಕ್ಕದ ಕಣಿವೆಯ ಆಲ್ಬನ್. ಚರ್ಮ ತುಂಬಿ ಪ್ರಾಣಿಗಳಿಗೆ ಮತ್ತೆ ರೂಪ ಕೊಡುವುದು ಅವನ ಕಸುಬು. ಅವನು ಕಳಿಸಿದ ಪೆಟ್ಟಿಗೆಯನ್ನು ಹಾಲಿನ ಲಾರಿಯವನು ಗುರುವಾರ ಬಾಗಿಲಲ್ಲಿ ಇಳಿಸಿ ಹೋಗಿದ್ದ. ವೇವಿ ಅಡುಗೆಮನೆಯ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿ, ಕೈ ತೊಳೆದು, ಕೂಸನ್ನು ಎತ್ತುವಂತೆ ಅದನ್ನು ಹುಲ್ಲಿನ ನಡುವಿನಿಂದ ಎತ್ತಿದ್ದಳು. ಆಮೇಲೆ ಬಹಳ ಹೊತ್ತು ಸುಮ್ಮನೆ ನೋಡಿ, "ಇದ್ಯಾರು?" ಎಂದು ಕೇಳಿದ್ದಳು. ಸಿಟ್ಟಿನಿಂದ ಕೇಳಿದ್ದರೆ ರೋಮೆಡ್ ತಡೆದುಕೊಳ್ಳುತ್ತಿದ್ದ. ನಿಜವಾಗಿ ಗುರುತು ಹತ್ತದವಳ ಹಾಗೆ, ಮೆಲ್ಲಗೆ ಕೇಳಿದಳಲ್ಲ, ಅದು ಅವನ ಬೆನ್ನು ಬಿಟ್ಟಿರಲಿಲ್ಲ. ಎರಡು ದಿನದಿಂದ ಊಟ ರುಚಿಸುತ್ತಿರಲಿಲ್ಲ. ನಿನ್ನೆ ರೋಪ್‌ವೇ ಕಟ್ಟೆಯಲ್ಲಿ, ತೊಟ್ಟಿಲುಗಳನ್ನು ಮೇಲಕ್ಕೆ ಕಳಿಸುವ ತನ್ನ ದಿನನಿತ್ಯದ ಕೆಲಸದಲ್ಲಿ, ಒಬ್ಬ ಪ್ರವಾಸಿಯ ಬಾಗಿಲು ಹಾಕದೆಯೇ ಗುಂಡಿ ಒತ್ತಲು ಹೋಗಿ ಬೈಸಿಕೊಂಡಿದ್ದ.

ಕೊರತೆ ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ಕೆನ್ನೆಯ ಕಪ್ಪು ಪಟ್ಟೆ, ಹಿಂದಕ್ಕೆ ಬಾಗಿದ ಕೊಕ್ಕೆಗೊಂಬು, ಎಡಗಿವಿಯ ಹರಕು, ಎಲ್ಲ ಅದರದ್ದೇ. ಗಾಜಿನ ಕಣ್ಣು ಸ್ವಲ್ಪ ಬೆರಗಾದಂತಿದ್ದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಕುತ್ತಿಗೆಯ ಮೇಲಿಂದ ಭುಜದವರೆಗೆ, ಬೆನ್ನಹುರಿಯ ಗುಂಟ, ಚಳಿಗಾಲದ ಹೋತಕ್ಕೆ ಎಲ್ಲಿ ಉದ್ದನೆಯ ಕಪ್ಪು ಕೂದಲು ತುದಿಯಲ್ಲಿ ಬೆಳ್ಳಗಾಗಿ ನಿಮಿರಿ ನಿಂತಿರುತ್ತದೋ ಅಲ್ಲಿ, ಯಾವುದೋ ಸಾಕುಮೇಕೆಯ ಕೂದಲಿಗೆ ಬಣ್ಣ ಹಾಕಿ ಅಂಟಿಸಲಾಗಿತ್ತು. ಅದು ನಿಲ್ಲದೆ ಎರಡೂ ಪಕ್ಕಕ್ಕೆ ಬಾಗಿ ನಟ್ಟನಡುವೆ ಬೈತಲೆ ಬಿದ್ದಿತ್ತು. ಕಾರು ಸೇತುವೆ ದಾಟಿ ಏರು ಹತ್ತುವಾಗ ಕನ್ನಡಿಯಲ್ಲಿ ಆ ಬೈತಲೆ ಕುಣಿಯುವುದು ರೋಮೆಡ್‌ಗೆ ಕಾಣುತ್ತಿತ್ತು. ನೋಡಬಾರದೆಂದು ಕಿಟಕಿಯ ಕಡೆ ಮುಖ ತಿರುಗಿಸಿದರೆ ಹೊರಗೆ ಎರಡನೆಯ ಕೊಯ್ಲಿನ ಹುಲ್ಲು ಹರವಿದ್ದರು, ಅದರಲ್ಲೂ ಅಲ್ಲಲ್ಲಿ ಬೈತಲೆಗಳೇ.

ಹೋತದ ನಿಜವಾದ ಕೂದಲು ಇದ್ದದ್ದು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಗರಗಸಗಳ ಪೆಟ್ಟಿಗೆಯ ತಳದಲ್ಲಿ, ಹಳೆಯ ದಿನಪತ್ರಿಕೆಯ ಸುರುಳಿಯೊಳಗೆ. ಅಲ್ಲಿ ಇಟ್ಟವನು ರೋಮೆಡ್. ಕಿತ್ತವನೂ ರೋಮೆಡ್.

ಕೀಳುವುದು ಅವರ ಕಡೆ ತಪ್ಪಲ್ಲ. ಕೀಳದೆ ಬಿಡುವುದೇ ತಪ್ಪು. ಗಂಡಸರು ಟೋಪಿಯ ಹಿಂದೆ ಸಿಕ್ಕಿಸಿಕೊಳ್ಳುವ ಕುಚ್ಚು, ಗಾಳಿಗೆ ನಡುಗುತ್ತ ನಿಲ್ಲುವ ಆ ದುಂಡು ಕುಚ್ಚು, ಹುಟ್ಟುವುದೇ ಈ ಕೂದಲಿನಿಂದ. ಹೋತ ಬಿದ್ದಾಕ್ಷಣ ಬೆರಳಲ್ಲಿ ಚಿಟಿಕೆ ಚಿಟಿಕೆಯಾಗಿ ಕಿತ್ತು, ಬೇರು ಒಂದು ಕಡೆ ತುದಿ ಒಂದು ಕಡೆ ಬರುವಂತೆ ಕಾಗದದಲ್ಲಿ ಸುತ್ತಿಕೊಳ್ಳಬೇಕು. ರೋಮೆಡ್‌ನ ಅಪ್ಪ ಹಾಗೇ ಮಾಡುತ್ತಿದ್ದ, ಅಪ್ಪನ ಅಪ್ಪ ಹಾಗೇ ಮಾಡುತ್ತಿದ್ದ. ಉಳಿದ ಚರ್ಮಕ್ಕೆ ಬೆಲೆಯೇನು? ತಲೆಬುರುಡೆಯನ್ನು ಕುದಿಸಿ, ಬೆಳ್ಳಗೆ ಮಾಡಿ, ಕೊಂಬಿನ ಸಮೇತ ಅಂಗೈ ಅಗಲದ ಹಲಗೆಗೆ ಹೊಡೆದರೆ ಬೇಟೆಗಾರನ ಗೋಡೆಗೆ ಅಷ್ಟು ಸಾಕು. ಮುಖ ಮೂತಿ ಕುತ್ತಿಗೆ ಸಮೇತ ತುಂಬಿಸಿಡುವುದು ಹೋಟೆಲಿನವರ ಶೋಕಿ. ಆದ್ದರಿಂದ ಅವತ್ತು ಸಂಜೆ ಇಳಿಜಾರಿನಲ್ಲಿ ಹೋತವನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುತ್ತಿದ್ದಾಗ, ಮುಂದೆ ನಡೆಯುತ್ತಿದ್ದ ವೇವಿ ತಿರುಗಿ ನಿಂತು, "ನನಗೆ ಬರೀ ಕೊಂಬು ಬೇಡ ಕಣೋ. ಕೊಂಬು ಯಾರದ್ದಾದ್ರೂ ಆಗಬಹುದು. ಹೊಡೆಯೋಕೆ ಮುಂಚೆ ತಲೆ ಎತ್ತಿ ನನ್ನನ್ನೇ ನೋಡಿದನಲ್ಲ, ಆ ಮುಖ ಬೇಕು," ಎಂದಾಗ ರೋಮೆಡ್ ಎಡವಿ ಬೀಳುವುದರಲ್ಲಿದ್ದ. ಆಗಲೇ ಹೇಳಬಹುದಿತ್ತು. ಅಯ್ಯೋ, ಕಿತ್ತುಬಿಟ್ಟೆನಲ್ಲೇ, ಎಂದರೆ ಮುಗಿಯುತ್ತಿತ್ತು. ಅವಳು ಬೈಯುತ್ತಿದ್ದಳು, ಇವನು ಬೈಸಿಕೊಳ್ಳುತ್ತಿದ್ದ. ಹೇಳಲು ಬಾಯಿ ತೆರೆದಾಗ ಅವಳು ಇನ್ನೊಂದು ಮಾತು ಹೇಳಿದಳು, ಮತ್ತು ಅವನ ಬಾಯಿಗೆ ಬೀಗ ಬಿತ್ತು.

"ಅಲ್ಲಿ ನೀನು ಬೆನ್ನು ತಿರುಗಿಸಿ ಕೂತೆಯಲ್ಲ," ಎಂದಿದ್ದಳು. "ಅದನ್ನ ನಾನು ಸಾಯೋವರೆಗೂ ಮರೆಯಲ್ಲ."

ನಡೆದದ್ದು ಇಷ್ಟು. ಗುಂಡು ತಾಗಿ ಹೋತ ಮಂಡಿಯೂರಿ ಮಲಗಿತು. ಇಬ್ಬರೂ ಹತ್ತಿ ಹೋದರು. ರೋಮೆಡ್ ಫರ್ ಮರದ ಕುಡಿ ಮುರಿದು ಒಂದನ್ನು ಹೋತದ ಬಾಯಿಗೆ ಕೊನೆಯ ತುತ್ತಾಗಿ ಇಟ್ಟ. ಇನ್ನೊಂದನ್ನು ರಕ್ತಕ್ಕೆ ಮುಟ್ಟಿಸಿ, ತನ್ನ ಟೋಪಿ ತೆಗೆದು, ಹೊಡೆದವರಿಗೆ ಕೊಡುವ ಮರ್ಯಾದೆಯಲ್ಲಿ ಅವಳ ಕೈಗಿತ್ತ. ಅವಳು ಅದನ್ನು ಟೋಪಿಗೆ ಸಿಕ್ಕಿಸಿಕೊಂಡಳು. ಸಿಕ್ಕಿಸಿಕೊಂಡು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಅಳತೊಡಗಿದಳು. ಸಣ್ಣ ಅಳುವಲ್ಲ. ತನ್ನ ಅಮ್ಮ ಸತ್ತಾಗಲೂ ವೇವಿ ಹಾಗೆ ಅತ್ತದ್ದನ್ನು ರೋಮೆಡ್ ಕಂಡಿರಲಿಲ್ಲ. ಅವನು ಬೆನ್ನು ತಿರುಗಿಸಿ ಹೋತದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವಳು ಹೇಳುವುದು ಅಲ್ಲಿಯವರೆಗೆ. ಗಂಡಸರು ಹೆಗಲು ತಟ್ಟಿ ಸಮಾಧಾನ ಮಾಡಲು ಬರುತ್ತಾರೆ, ಇಲ್ಲವೇ ನಗುತ್ತಾರೆ. ನನ್ನ ಗಂಡ ನನ್ನ ಅಳುವನ್ನು ನನಗೇ ಬಿಟ್ಟು ಅತ್ತ ತಿರುಗಿ ಕೂತ, ಮುಗಿಯುವ ತನಕ ಒಂದು ಸಲವೂ ತಿರುಗಿ ನೋಡಲಿಲ್ಲ, ಎಂದು ಚರ್ಚಿನ ಹಾಡಿನ ಗುಂಪಿನಲ್ಲಿ ಹೇಳಿದಳು, ತಂಗಿಗೆ ಫೋನಿನಲ್ಲಿ ಹೇಳಿದಳು, ಬಸ್ಸಿನಲ್ಲಿ ಟೀಚರಮ್ಮನಿಗೆ ಹೇಳಿದಳು. ಹೇಳುವಾಗ ಅವಳ ಮುಖ ಹೇಗಿರುತ್ತಿತ್ತೆಂದರೆ, ಮದುವೆಯಾದ ಹೊಸತರಲ್ಲಿ ಕೂಡ ರೋಮೆಡ್ ಆ ಮುಖವನ್ನು ಗಳಿಸಿರಲಿಲ್ಲ. ಈಗ ಗಳಿಸಿದ್ದ, ಕಳ್ಳಮಾಲಿನ ಹಾಗೆ. ಕುಕ್ಕರುಗಾಲಲ್ಲಿ ಕೂತವನ ಕೈ ಅಷ್ಟು ಹೊತ್ತೂ ಏನು ಮಾಡುತ್ತಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಚಿಟಿಕೆ ಚಿಟಿಕೆಯಾಗಿ ಕೀಳುತ್ತಿತ್ತು. ಯಾರ ಟೋಪಿಗೆಂದು ಅವನು ಯೋಚಿಸಿರಲಿಲ್ಲ. ಹೆಂಗಸರು ಆ ಕುಚ್ಚು ಸಿಕ್ಕಿಸುವುದಿಲ್ಲ. ಅಂದಮೇಲೆ ತನ್ನ ಟೋಪಿಗೇ ಇರಬೇಕು.

ಜನವರಿಯಲ್ಲಿ ಅವನೊಬ್ಬನೇ, ವೇವಿಗೆ ತೋರಿಸದೆ ತಾನೇ ಸುಲಿದಿಟ್ಟಿದ್ದ ಚರ್ಮದ ಸುರುಳಿ ತೆಗೆದುಕೊಂಡು ಆಲ್ಬನ್ ಬಳಿ ಹೋಗಿದ್ದ. ಆಲ್ಬನ್ ಸುರುಳಿ ಬಿಚ್ಚಿ, ಬೋಳು ಬೆನ್ನಿನ ಮೇಲೆ ಬೆರಳಾಡಿಸಿ, "ಇಲ್ಲಿ ಮೇಯ್ದವರು ಯಾರಯ್ಯಾ?" ಎಂದಿದ್ದ. ಬೇರೆ ಹೋತದ ಚರ್ಮ ಹೊದಿಸಿಬಿಡೋಣ, ಕೊಂಬು ಮಾತ್ರ ಇದರದ್ದು, ಎಷ್ಟೋ ಜನ ಹಾಗೆ ಮಾಡಿಸುತ್ತಾರೆ, ಎಂದೂ ಹೇಳಿದ್ದ. ಬೇಡ, ಅವಳಿಗೆ ಮುಖದ ಗುರುತಿದೆ, ಕಿವಿಯ ಹರಕು ಕೂಡ ಗೊತ್ತು, ಇದ್ದದ್ದಕ್ಕೇ ಏನಾದರೂ ಅಂಟಿಸು, ಯಾರಿಗೂ ಹೇಳಬೇಡ, ಎಂದು ರೋಮೆಡ್ ಅಂಗಲಾಚಿದ್ದ. "ಅಂಟಿಸ್ತೀನಿ. ಚೆನ್ನಾಗಿರಲ್ಲ. ಆಮೇಲೆ ನನ್ನನ್ನ ಬೈಬಾರದು," ಎಂದಿದ್ದ ಆಲ್ಬನ್. ಬೈಯುವುದಿಲ್ಲ ಎಂದು ರೋಮೆಡ್ ಮಾತು ಕೊಟ್ಟಿದ್ದ. ವೇವಿಯ ಪರವಾಗಿ ಮಾತು ಕೊಡಲು ಮಾತ್ರ ಅವನಿಂದ ಆಗುವಂತಿರಲಿಲ್ಲ.

ಅಂಗಡಿ ತೆರೆದೇ ಇತ್ತು. ಅಂಟು, ಉಪ್ಪು, ಸೀದ ಕಾಫಿಯ ವಾಸನೆ. ಆಲ್ಬನ್ ಬಾಯಲ್ಲಿ ದಾರ ಕಚ್ಚಿಕೊಂಡು ನರಿಯೊಂದರ ಹೊಟ್ಟೆ ಹೊಲಿಯುತ್ತಿದ್ದ. ಯಾರಾದರೂ ಒಳಗೆ ಬಂದರೆ ಹೊಗಳಲಿಕ್ಕೇ ಬಂದಿದ್ದಾರೆ ಎಂದುಕೊಳ್ಳುವ ಮನುಷ್ಯ. ಎದೆ ಸೆಟೆಸಿ ಎದ್ದು ನಿಂತ. ವೇವಿ ಹೋತವನ್ನು ನರಿಯ ಪಕ್ಕ ಕುಕ್ಕಿದಳು.

"ಇದನ್ನ ನೀವೇ ಇಟ್ಕೊಳ್ಳಿ. ನಾನು ಹೊಡೆದ ಹೋತ ಇದಲ್ಲ. ಇದು ಯಾವುದೋ ಕಚೇರಿ ಗುಮಾಸ್ತ. ಭಾನುವಾರ ತಲೆ ಬಾಚ್ಕೊಂಡು ಚರ್ಚಿಗೆ ಹೊರಟಿದೆ."

"ಮುಖ ನೋಡಿ ಮಾತಾಡಿ, ಅಮ್ಮಾ. ಆ ಕಣ್ಣಿನ ಸುತ್ತ ಹೇಗೆ ಕೂತಿದೆ ನೋಡಿ. ಈ ಜಿಲ್ಲೇಲಿ ಇನ್ಯಾರಿಗೆ ಬರುತ್ತೆ ಆ ಕೆಲಸ?"

"ಮುಖದ ಮಾತು ನಾನೆತ್ತಿದ್ನಾ? ಈ ಬೈತಲೆ ಏನು ಅಂತ ಕೇಳ್ತಿದ್ದೀನಿ. ಬಾಚಣಿಗೆ ನಿಮ್ಮದಾ, ನಿಮ್ಮ ಹೆಂಡತೀದಾ?"

"ಚರ್ಮ ಬಂದಾಗಲೇ..." ಎಂದು ಶುರುಮಾಡಿದ ಆಲ್ಬನ್ ರೋಮೆಡ್ ಕಡೆ ನೋಡಿದ. ರೋಮೆಡ್ ಗೋಡೆಯ ಕಡೆ ನೋಡಿದ. ಅಲ್ಲಿ ಶೆಲ್ಫಿನ ಮೇಲೆ ಇನ್ನೂ ಕಣ್ಣು ಕೂರಿಸದ ಒಂದು ಬೆಟ್ಟದಳಿಲು ನಿಂತಿತ್ತು. ಅದರ ಎರಡು ತೂತುಗಳನ್ನು ಅವನು ಎಷ್ಟು ಆಸಕ್ತಿಯಿಂದ ನೋಡಿದನೆಂದರೆ, ಆ ಹೊತ್ತಿನಲ್ಲಿ ಪ್ರಪಂಚದಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರಿಲ್ಲ. ಹೇಳು, ಎಂದು ತನ್ನೊಳಗಿನಿಂದ ಯಾರೋ ಅಂದರು. ಹೇಳಿದರೆ ಅವಳು ಇಲ್ಲೇ, ಈ ನರಿಯ ಮುಂದೆ, ಈ ಜಂಭದ ಮನುಷ್ಯನ ಮುಂದೆ, ಆ ಕಲ್ಲಿನ ಮೇಲೆ ಕೂತು ಅತ್ತದ್ದನ್ನು ಕಳೆದುಕೊಳ್ಳುತ್ತಾಳೆ. ಇನ್ನು ಯಾರಿಗೂ ಆ ಕಥೆ ಹೇಳಲಾರಳು. ಹಾಗೆಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಗೊತ್ತಿತ್ತು, ಕಳೆದುಕೊಳ್ಳುವ ಭಯ ಅವಳಿಗಿಂತ ತನಗೇ ಹೆಚ್ಚೆಂದು.

"ಉಪ್ಪು ಹಾಕೋದು ತಡ ಆಯ್ತು," ಎಂದ ಆಲ್ಬನ್, ಸೂಜಿಯನ್ನು ಮೇಜಿನ ಮೇಲೆ ಎಸೆದು. "ಕೂದಲು ಉದುರಿತು. ನನ್ನ ಕೈತಪ್ಪು. ಸಾಕಾ?"

"ಸಾಕಾ ಅಂತೀರಾ? ನನ್ನ ಜನ್ಮಕ್ಕೆ ಇದೊಂದೇ ಅಂತ ತಿಳ್ಕೊಳ್ಳಿ. ನಿಮ್ಮನ್ನ ನಂಬಿ ಕಳಿಸಿದ್ವಿ." ವೇವಿಯ ದನಿ ಒಡೆಯಿತು, ಒಡೆದದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ತೊಗಲು ತುಂಬೋದಲ್ಲ, ನೀವು ದಿಂಬು ತುಂಬಕ್ಕೂ ಲಾಯಕ್ಕಿಲ್ಲ. ನಮ್ಮ ಕಣಿವೆಯಲ್ಲಿ ಒಬ್ಬೊಬ್ಬರಿಗೂ ಹೇಳ್ತೀನಿ ನೋಡ್ತಿರಿ."

"ಹೇಳಿ ಹೇಳಿ. ನೀವು ಹೇಳದೆ ಬಿಡೋರಾ!"

ಬಿಟ್ಟು ಹೋಗುತ್ತೇನೆಂದವಳು ಹೋತವನ್ನು ಮತ್ತೆ ಎತ್ತಿಕೊಂಡೇ ಹೊರಗೆ ನಡೆದಳು. ಹಿಂದೆ ಹೊರಟ ರೋಮೆಡ್‌ನ ತೋಳನ್ನು ಆಲ್ಬನ್ ಹಿಡಿದ. ಅವನ ಕೆನ್ನೆ ಕೆಂಪಗಾಗಿತ್ತು.

"ನಿನಗೆ ಕೊಟ್ಟ ಮಾತು ಉಳಿಸಿದೀನಿ," ಎಂದ. "ದಿಂಬು ಅಂತ ಅನ್ನಿಸ್ಕೊಂಡೆ. ಇನ್ನು ನಿನ್ನ ಮರ್ಜಿ."

ಹಿಂತಿರುಗುವ ದಾರಿಯಲ್ಲಿ ವೇವಿಯ ಕೋಪ ತಾನಾಗಿ ಇಳಿಯತೊಡಗಿತು. ಅದು ರೋಮೆಡ್‌ಗೆ ಕೋಪಕ್ಕಿಂತ ಕಷ್ಟವಾಯಿತು. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದರಲ್ಲಿ ಅವನ ಮೊಣಕಾಲನ್ನು ತಟ್ಟಿದಳು. "ನಿನಗೂ ಬೇಜಾರಾಗಿದೆ, ನನಗೆ ಗೊತ್ತು. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಬಿಡು, ಸತ್ತು ಹೋಗಿರೋ ಹೋತಕ್ಕೆ ಯಾಕೆ ಅಷ್ಟು. ಬಾ, ಸೂಪು ಕುಡಿಯೋಣ." ಅವಳು ಹಾಗೆನ್ನುವಾಗ ಕೊರಳ ಪಕ್ಕದಲ್ಲಿ ಒಂದು ಸಣ್ಣ ನರ ಆಡುತ್ತಿತ್ತು. ಅದು ರೋಮೆಡ್‌ಗೆ ಮೊದಲಿನಿಂದ ಗೊತ್ತು. ಅವಳು ಇಪ್ಪತ್ತರವಳಿದ್ದಾಗ, ಹಾಲಿನ ಕ್ಯಾನು ಹೊತ್ತು ಏರು ಹತ್ತುವಾಗ, ಸೋತರೂ ಸೋತೆ ಎನ್ನದಿದ್ದಾಗ ಅದು ಹಾಗೇ ಆಡುತ್ತಿತ್ತು. ಅದನ್ನು ನೋಡಿಯೇ ಇವನು ಅವಳ ಹಿಂದೆ ಬಿದ್ದದ್ದು. ಇಷ್ಟು ವರ್ಷ ಅವಳು ತನ್ನ ಹಿಂದೆ ಬೆಟ್ಟ ಹತ್ತಿದಳು, ತಾನು ಅವಳ ಹಿಂದೆ ಹತ್ತಿದ್ದು ಒಂದು ದಿನ, ಆ ಒಂದು ದಿನ ಕೂಡ ಕೈ ಸುಮ್ಮನಿರಲಿಲ್ಲ. ಥೂ, ಎಂದ ಗಟ್ಟಿಯಾಗಿ.

"ಏನು?" ಎಂದಳು ವೇವಿ.

"ಏನಿಲ್ಲ. ನೊಣ."

ಹೊಳೆಯ ಪಕ್ಕದ ಹೋಟೆಲಿನಲ್ಲಿ ಒಲೆಯ ಬಳಿಯ ಮೇಜಿಗೆ ಇಬ್ಬರೇ ಕೂತಿದ್ದರು: ಅರಣ್ಯ ಇಲಾಖೆಯಿಂದ ನಿವೃತ್ತನಾದ ಕಾಸಿಯಾನ್, ಅಂಚೆಯ ವಿಗಿಲ್. ಇಬ್ಬರೂ ಬೇಟೆಯವರೇ. ವೇವಿ ಹೋತವನ್ನು ಕಾರಿನಲ್ಲಿ ಬಿಡದೆ ಒಳಗೆ ತಂದು ಬೆಂಚಿನ ಮೇಲೆ ತನ್ನ ಪಕ್ಕ ಕೂರಿಸಿದಳು.

"ಇವರಿಗೇನು ಕುಡಿಯೋಕೆ?" ಎಂದು ಕಾಸಿಯಾನ್ ಕೇಳಿದ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿ, "ಅಲ್ಲ, ಇವರು ಕ್ಷೌರದಂಗಡಿಯಿಂದ ಬಂದ್ರೋ?" ಎಂದ. ವಿಗಿಲ್ ಬಿಯರ್ ಮೂಗಿಗೇರಿಸಿಕೊಂಡು ಕೆಮ್ಮಿದ.

"ನಗಿ, ನಗಿ," ಎಂದಳು ವೇವಿ. "ಆ ಆಲ್ಬನ್ ಮಾಡಿದ ಘನಕಾರ್ಯ. ಚರ್ಮಕ್ಕೆ ಉಪ್ಪು ಹಾಕದೆ ಕೊಳೆಸಿದಾನೆ. ಕೂದಲೆಲ್ಲ ಉದುರಿಸಿ ಮೇಕೆ ಕೂದಲು ಅಂಟಿಸಿದಾನೆ. ವಿಗಿಲ್, ನೀನು ದಿನಾ ಮನೆಮನೆಗೆ ಹೋಗ್ತೀಯಲ್ಲ, ಎಲ್ಲರಿಗೂ ಹೇಳು. ಯಾರೂ ಅವನ ಹತ್ರ ಒಂದು ಗುಬ್ಬಿಮರೀನೂ ಕೊಡಬಾರದು."

"ನಮ್ಮ ಅಣ್ಣನ ಜಿಂಕೆ ಅವನ ಹತ್ರಾನೇ ಇದೆ," ಎಂದ ವಿಗಿಲ್, ಗಾಬರಿಯಾಗಿ. "ಇವತ್ತೇ ಫೋನ್ ಮಾಡಿ ವಾಪಸ್ ತರಿಸ್ತೀನಿ."

ಸೂಪು ಬಂತು. ಹಂದಿಮಾಂಸದ ಉಂಡೆ ಹಾಕಿದ, ಹೊಗೆಯಾಡುವ ಸೂಪು. ರೋಮೆಡ್ ಚಮಚ ಎತ್ತಿದ, ಇಟ್ಟ. ವಿಗಿಲ್ ಆಗಲೇ ಫೋನು ತೆಗೆದು ಹೆಸರು ಹುಡುಕುತ್ತಿದ್ದ. ಅವನ ದಪ್ಪ ಬೆರಳು ಗಾಜಿನ ಮೇಲೆ ಜಾರುತ್ತಿದ್ದುದನ್ನು ನೋಡುತ್ತ ರೋಮೆಡ್‌ಗೆ ಆಲ್ಬನ್‌ನ ಕೆಂಪು ಕೆನ್ನೆ ನೆನಪಾಯಿತು. ಕೆಟ್ಟ ಕೆಲಸ ಮಾಡಿದವನ ಕೆನ್ನೆಯಲ್ಲ ಅದು. ಚೆನ್ನಾಗಿರುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆಯೇ ಮಾಡಿ, ಬೈಸಿಕೊಂಡವನ ಕೆನ್ನೆ.

"ಫೋನ್ ಇಡು," ಎಂದ ರೋಮೆಡ್. ವಿಗಿಲ್‌ನ ಬೆರಳು ನಿಲ್ಲಲಿಲ್ಲ. "ಇಡಯ್ಯಾ ಫೋನು. ಉದುರಿದ್ದಲ್ಲ ಅದು. ನಾನು ಕಿತ್ತದ್ದು. ಆಲ್ಬನ್‌ದೇನೂ ತಪ್ಪಿಲ್ಲ. ಬೋಳು ಚರ್ಮ ಕೊಟ್ಟು ಮುಚ್ಚಿಡು ಅಂತ ನಾನೇ ಕೇಳಿದ್ದು."

ಮೊದಲು ಕಾಸಿಯಾನ್ ನಕ್ಕ. ಹೊಟ್ಟೆ ಹಿಡಿದುಕೊಂಡು, ಮೇಜು ಬಡಿದು ನಕ್ಕ. "ಹೆಂಡತಿ ಹೋತದಿಂದ ಕದ್ಯಾ! ಯಾರ ಟೋಪಿಗೋ ಮಹಾರಾಯಾ?" ವಿಗಿಲ್ ಕೂಡ ಸೇರಿಕೊಂಡ. "ಪಾಪ, ಅಭ್ಯಾಸಬಲ. ಇವನ ಕೈಗೆ ಪಾದ್ರಿ ಗಡ್ಡ ಸಿಕ್ಕಿದ್ರೂ ಬಿಡ್ತಿರಲಿಲ್ಲ." ರೋಮೆಡ್ ತಲೆ ತಗ್ಗಿಸಿ, "ನನ್ನ ಟೋಪಿಗೇ ಇರಬೇಕು," ಎಂದ. ವೇವಿ ನಗಲಿಲ್ಲ, ಬೈಯಲೂ ಇಲ್ಲ. ಲೆಕ್ಕ ಹಾಕುವವಳ ಹಾಗೆ ಹುಬ್ಬು ಗಂಟಿಕ್ಕಿ ಹೋತದ ಬೆನ್ನನ್ನೇ ನೋಡುತ್ತಿದ್ದಳು. ಪರೀಕ್ಷೆಗೆ ಓದುವಾಗ ಅಡುಗೆಮನೆಯಲ್ಲಿ ಪುಸ್ತಕದ ಮುಂದೆ ಕೂತು ಹಾಗೇ ನೋಡುತ್ತಿದ್ದಳು.

"ಬಿಸಿ ಇರುವಾಗಲೇ ಕೀಳಬೇಕು ಅಲ್ವಾ," ಎಂದಳು. "ತಣ್ಣಗಾದ ಮೇಲೆ ಬರಲ್ಲ."

ಮೂವರು ಗಂಡಸರಿಗೂ ಅದು ಗೊತ್ತಿದ್ದದ್ದೇ. ಆ ಬೆನ್ನು ತಿರುಗಿಸಿದ ಕಥೆಯೂ ಮೂವರಿಗೂ ಗೊತ್ತಿತ್ತು. ಅದನ್ನು ಕೇಳದವರು ಕಣಿವೆಯಲ್ಲಿ ಯಾರಿದ್ದರು? ಕಾಸಿಯಾನ್‌ನ ನಗು ಅರ್ಧಕ್ಕೇ ನಿಂತು, ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ಅಂದ್ರೆ ಅಲ್ಲೇ," ಎಂದಳು ವೇವಿ.

ಸುಳ್ಳಿಗೆ ಇನ್ನೂ ಜಾಗವಿತ್ತು. ಕೆಳಗೆ ಬೇಟೆಯವರ ಗುಡಿಸಲಿನಲ್ಲಿ ಕಿತ್ತೆ, ಇನ್ನೂ ಬೆಚ್ಚಗಿತ್ತು, ಎಂದರೆ ಅವಳು ನಂಬುತ್ತಿದ್ದಳು. ನಂಬಲು ಕಾಯುತ್ತಿದ್ದಳೆಂದು ಕೂಡ ಅವನಿಗೆ ಅನ್ನಿಸಿತು. "ಅಲ್ಲೇ," ಎಂದ ರೋಮೆಡ್. ವೇವಿ ಎದ್ದು, ಹೋತವನ್ನು ಕಂಕುಳಲ್ಲಿ ಅವುಚಿಕೊಂಡು, ಸೂಪು ಮುಟ್ಟದೆ ಹೊರಗೆ ಹೋದಳು.

ಅವನು ಹೋಗಿ ಕೂರುವವರೆಗೂ ಕಾರು ಹೊರಡಲಿಲ್ಲ, ಅಷ್ಟು ಮಟ್ಟಿಗೆ ಅವಳು ಕಾದಳು. ಆದರೆ ಕಾರು ಮನೆಯ ಕಡೆ ತಿರುಗಲಿಲ್ಲ. ಬಂದ ದಾರಿಯಲ್ಲೇ, ಆಲ್ಬನ್‌ನ ಕಣಿವೆಯ ಕಡೆ ಹೊರಟಿತು. ಹುಲ್ಲು ಹರವಿದ ಗದ್ದೆಗಳು ಮತ್ತೆ ಬಂದವು. ರೋಮೆಡ್ ಸೀಟಿನ ಅಂಚಿನಲ್ಲಿ ಕೂತಿದ್ದ, ತಾನು ಟಿಕೆಟ್ ತೆಗೆದುಕೊಳ್ಳದೆ ಹತ್ತಿದವನು ಎಂಬಂತೆ. ಏನು ಹೇಳಿದರೂ ಅದು ಚೌಕಾಸಿಯ ಹಾಗೆ ಕೇಳುತ್ತಿತ್ತು. ಏರಿನ ತುದಿಗೆ ಬಂದಾಗ ಅವಳೇ ಬಾಯಿ ಬಿಟ್ಟಳು.

"ಹಾಗಾದ್ರೆ ನಾನು ಅತ್ತಿದ್ದು ನಿನಗೆ ಕೇಳಿಸಲೇ ಇಲ್ಲ. ನೀನು ಕೆಲಸದಲ್ಲಿದ್ದೆ. ನಾನೊಬ್ಬಳೇ ಹುಚ್ಚಿ ಹಾಗೆ ಊರಿಗೆಲ್ಲ ಹೇಳ್ಕೊಂಡು ಬಂದೆ."

"ಕೇಳಿಸ್ತು," ಎಂದ ರೋಮೆಡ್.

"ಸುಳ್ಳು ಹೇಳಬೇಡ."

"ಕೇಳಿಸ್ತು ಕಣೇ. ಕೇಳಿಸದೆ ಇರುತ್ತಾ, ಬಂಡೆಗೆಲ್ಲ ಬಡಿದು ಬರ್ತಿತ್ತು." ಅವನು ತನ್ನ ಕೈಗಳನ್ನೇ ನೋಡುತ್ತ ಮಾತಾಡಿದ. ಮುಂದಿನ ಮಾತು ಏನೆಂದು ಅವನಿಗೇ ತಿಳಿದಿರಲಿಲ್ಲ. ಅದು ಬರುತ್ತಿದ್ದಂತೆ ತಿಳಿಯುತ್ತಿತ್ತು. "ನಿನ್ನ ಹತ್ರ ಬರ್ಬೇಕು ಅನ್ನಿಸ್ತು. ಬಂದು ಏನು ಮಾಡ್ಬೇಕು ಅಂತ ಗೊತ್ತಾಗಲಿಲ್ಲ. ಕೈ ಎಲ್ಲಿಡ್ಬೇಕು ಅಂತಾನೂ ತಿಳೀಲಿಲ್ಲ. ನಾನು ಅಷ್ಟು ಹೋತ ಹೊಡೆದಿದೀನಿ, ಒಂದಕ್ಕೂ ಹಾಗಾಗಿಲ್ಲ. ಕೈಗೆ ಏನಾದ್ರೂ ಕೊಡಬೇಕಿತ್ತು. ಗೊತ್ತಿದ್ದ ಕೆಲಸ ಅದೊಂದೇ. ನೀನು ನಿಲ್ಲಿಸೋವರೆಗೂ ಕೀಳ್ತಾನೇ ಇದ್ದೆ. ಅದಕ್ಕೇ ಅಷ್ಟು ಬೋಳಾಗಿದ್ದು. ಕುಚ್ಚಿಗೆ ಅಷ್ಟೆಲ್ಲ ಬೇಕಾಗಿರಲಿಲ್ಲ."

ವೇವಿ ಗೇರು ಬದಲಿಸಿದಳು. ಇಳಿಜಾರು ಶುರುವಾಯಿತು. ಹಿಂದಿನ ಸೀಟಿನಲ್ಲಿ ಹೋತ ಬೆಲ್ಟಿಲ್ಲದೆ ಒಂದು ಪಕ್ಕಕ್ಕೆ ವಾಲಿತು, ಇನ್ನೊಂದು ತಿರುವಿನಲ್ಲಿ ಈ ಪಕ್ಕಕ್ಕೆ. ಅವನು ಹಿಂದಕ್ಕೆ ಕೈ ಚಾಚಿ ಅದರ ಕೊಂಬು ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ಉಳಿದ ದಾರಿ ಸಾಗಿತು. ಅವಳು ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ತಾನು ಹೇಳಿದ್ದು ನಿಜವೆಂದು ಮಾತ್ರ ಅವನಿಗೆ ಗೊತ್ತಾಗಿತ್ತು, ಅದೂ ಈಗಷ್ಟೇ. ಭುಜ ನೋಯುತ್ತಿದ್ದರೂ ಕೊಂಬು ಬಿಡಲಿಲ್ಲ.

ಆಲ್ಬನ್‌ನ ಅಂಗಳದಲ್ಲಿ ಕಾರು ನಿಂತಿತು. ಅಂಗಡಿಯ ಬಾಗಿಲು ಮುಚ್ಚಿತ್ತು, ಒಳಗೆ ದೀಪವಿತ್ತು. ವೇವಿ ಎಂಜಿನ್ ಆರಿಸಿ, ಇಳಿಯದೆ ಕೂತಳು.

"ಮೊದಲು ನೀನು ತಪ್ಪೊಪ್ಕೋ. ಆಮೇಲೆ ನಾನು. ದಿಂಬು ಅಂದೆನಲ್ಲ ಪಾಪ," ಎಂದಳು. ಕನ್ನಡಿಯಲ್ಲಿ ಮುಖ ನೋಡಿಕೊಂಡು ಕಣ್ಣಿನ ಕೆಳಗೆ ಒರೆಸಿದಳು. ಆಮೇಲೆ ಎದುರಿನ ಗೋಡೆಯನ್ನೇ ನೋಡುತ್ತ, ತನಗೇನೂ ಅದರ ಅಗತ್ಯವಿಲ್ಲ ಎಂಬ ದನಿಯಲ್ಲಿ ಕೇಳಿದಳು. "ಎಷ್ಟುದ್ದ ಇದೆ?"

"ಏನು?"

"ಇನ್ನೇನು ಕೇಳ್ತಾರೆ? ಕೂದಲು."

ರೋಮೆಡ್ ಕೊಂಬು ಬಿಟ್ಟು, ಬಲಗೈಯ ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ಹಿಡಿದ. ಅವಳು ತಿರುಗಿ ನೋಡಿದಳು. ಒಂದು ಕ್ಷಣ ಅವಳ ಮುಖದಲ್ಲಿ ಹೆಂಡತಿ ಇರಲಿಲ್ಲ. ಮೇಲಿನ ಬಂಡೆಸಾಲಿನಲ್ಲಿ ಹೋತ ಹೊಡೆದವಳು ಮಾತ್ರ ಇದ್ದಳು.

"ನಿಜ ಹೇಳು."

ಅವನು ಬೆರಳುಗಳನ್ನು ಒಂದಿಷ್ಟು ಹತ್ತಿರ ತಂದ. "ಇಷ್ಟು. ಒಂದು ಕೂದಲೆಳೆಯಷ್ಟೂ ಕಮ್ಮಿ ಇಲ್ಲ. ತುದಿಗೆ ಹಿಮದ ಹಾಗೆ ಬಿಳಿ. ನಮ್ಮಪ್ಪ ಕೂಡ ಇಷ್ಟುದ್ದದ್ದು ಹೊಡೆದಿರಲಿಲ್ಲ, ವೇವಿ. ಈ ಕಣಿವೆಯಲ್ಲೇ ಯಾರೂ ಹೊಡೆದಿಲ್ಲ."

ವೇವಿ ತನ್ನ ಬೆರಳುಗಳನ್ನು ಅವನ ಬೆರಳುಗಳ ನಡುವೆ ತೂರಿಸಿ, ಆ ಅಂತರವನ್ನು ತುದಿಯಿಂದ ತುದಿಗೆ ಅಳೆದುಕೊಂಡಳು. ಕೈ ಹೊರಗೆಳೆದಾಗ ಅಳತೆ ಕೆಡದಂತೆ ಹಾಗೇ ಸೆಟೆದು ಹಿಡಿದಿದ್ದಳು. "ಬಾಗಿಲು ತೆಗಿ, ನನ್ನ ಕೈ ಖಾಲಿ ಇಲ್ಲ," ಎಂದಳು. "ಹೋತ ನೀನು ಎತ್ಕೋ. ನನ್ನ ಟೋಪಿಗೆ ಕಟ್ಟಿಸಿದ ಮೇಲೆ ನಿನಗೂ ಒಂದು ಸಲ ಹಾಕ್ಕೊಳ್ಳೋಕೆ ಕೊಡ್ತೀನಿ."

ಅವನು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆರೆದ. ಅವಳು ಇಳಿದು, ಬೆರಳುಗಳ ನಡುವಿನ ಆ ಅಳತೆಯನ್ನು ಮುಂದೆ ಚಾಚಿ ಹಿಡಿದು, ಮೊಣಕೈಯಿಂದ ಆಲ್ಬನ್‌ನ ಬಾಗಿಲು ತಟ್ಟಿದಳು. ರೋಮೆಡ್ ಹೋತವನ್ನು ಎದೆಗೊತ್ತಿಕೊಂಡು ಅವಳ ಹಿಂದೆ ನಿಂತ.